ಕ್ರಿಯಾವರ್ಧಕ ಬದಲಾಗುವುದಿಲ್ಲವೆಂದು ಇನ್ನು ಬರೆಯಬೇಡಿ

ಸಂಪಾದಕರಿಗೆ,

ಮಾನ್ಯರೆ,

ಕಳೆದ ವಾರ ನಿಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ರಸಾಯನಶಾಸ್ತ್ರದ ಪ್ರಶ್ನೋತ್ತರ ಬಂದಿತ್ತು. ಪಕ್ಕದ ಮನೆಯ ಹುಡುಗಿ ಅದನ್ನು ಕತ್ತರಿಸಿಟ್ಟುಕೊಂಡು ನಮ್ಮ ಜಗಲಿಯಲ್ಲಿ ಕುಳಿತು ಬಾಯಿಪಾಠ ಮಾಡುತ್ತಿದ್ದಳು: "ಕ್ರಿಯಾವರ್ಧಕವು ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಆದರೆ ತಾನು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ, ಯಾವ ಬದಲಾವಣೆಯನ್ನೂ ಹೊಂದುವುದಿಲ್ಲ." ಒಳಗೆ ಹುರುಳಿಕಾಯಿ ನಾರು ತೆಗೆಯುತ್ತಿದ್ದ ನನ್ನ ಕೈ ನಿಂತಿತು. ಈ ವಾಕ್ಯವನ್ನು 31 ವರ್ಷ ನಾನೇ ಕರಿಹಲಗೆಯ ಮೇಲೆ ಬರೆದಿದ್ದೇನೆ. ಜೊತೆಗೆ ಒಂದು ಹೋಲಿಕೆಯನ್ನೂ ಹೇಳುತ್ತಿದ್ದೆ: ಪುರೋಹಿತರು ಎಷ್ಟು ಮದುವೆ ಮಾಡಿಸಿದರೂ ಹೇಗೆ ಬಂದರೋ ಹಾಗೆಯೇ ಮನೆಗೆ ಹೋಗುತ್ತಾರೆ, ಕ್ರಿಯಾವರ್ಧಕವೂ ಹಾಗೆಯೇ ಎಂದು. ಮಕ್ಕಳಿಗೆ ಅದು ಥಟ್ಟನೆ ನೆನಪಿರುತ್ತಿತ್ತು. ಆ ಹೋಲಿಕೆ ತಪ್ಪು. ವಾಕ್ಯವೂ ಅರ್ಧ ತಪ್ಪು. ಅದನ್ನು ತಿದ್ದಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ನನ್ನ ತರಗತಿಯಲ್ಲೇ ನಡೆದ ಒಂದು ಸಂಗತಿ. ತೊಂಬತ್ತರ ದಶಕದ ಮಧ್ಯದಲ್ಲಿ ನಮ್ಮ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಕ್ಲೋರೇಟನ್ನು ಕಾಯಿಸಿ ಆಮ್ಲಜನಕ ತಯಾರಿಸುತ್ತಿದ್ದೆವು. ಅದಕ್ಕೆ ಕ್ರಿಯಾವರ್ಧಕವಾಗಿ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುತ್ತೇವೆ. ಆ ದಿನ ಪುಡಿ ಮುಗಿದಿತ್ತು. ಕಪಾಟಿನ ಮೂಲೆಯಲ್ಲಿ ಹರಳು ಹರಳಾಗಿದ್ದ ಮ್ಯಾಂಗನೀಸ್ ಡೈಆಕ್ಸೈಡ್ ಸಿಕ್ಕಿತು, ಅದನ್ನೇ ತೂಗಿ ಹಾಕಿದೆವು. ಕ್ರಿಯೆ ಮುಗಿದ ಮೇಲೆ ನೀರಿನಲ್ಲಿ ಕದಡಿ, ಸೋಸಿ, ಉಳಿದ ಕಪ್ಪನ್ನು ಒಣಗಿಸಿ ಮತ್ತೆ ತೂಗಿದೆವು. ತೂಕ ಹೆಚ್ಚುಕಡಿಮೆ ಅಷ್ಟೇ. "ನೋಡಿದಿರಾ, ಬದಲಾಗಲಿಲ್ಲ" ಎಂದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಸೋಸುಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. "ಮೇಡಂ, ಹಾಕಿದ್ದು ಹರಳು, ಬಂದದ್ದು ಹಿಟ್ಟು" ಎಂದಳು. ಬೆರಳಿನಿಂದ ಒತ್ತಿದರೆ ಕಾಡಿಗೆಯ ಹಾಗೆ ನುಣ್ಣಗೆ ಅಂಟುತ್ತಿತ್ತು. ನಾನು ತಕ್ಕಡಿಯನ್ನು ತೋರಿಸಿ, "ತೂಕ ಅಷ್ಟೇ ಇದೆಯಲ್ಲ, ಮುಂದಿನದನ್ನು ಬರೆ" ಎಂದೆ. ಅವಳು ಬರೆದಳು. ಆ ದಿನ ಆ ಕೋಣೆಯಲ್ಲಿ ನಿಜವಾಗಿ ರಸಾಯನಶಾಸ್ತ್ರವನ್ನು ಕಂಡವಳು ಅವಳೊಬ್ಬಳೇ. ಆ ಕಪ್ಪು ಬೆರಳು ನನಗೆ ಈಗಲೂ ನೆನಪಾಗುತ್ತದೆ.

ಪುರವಣಿಯ ಉತ್ತರದಲ್ಲಿ ಸರಿಯಿರುವ ಭಾಗವನ್ನೂ ಹೇಳಿಬಿಡುತ್ತೇನೆ. ಕ್ರಿಯಾವರ್ಧಕ ಖರ್ಚಾಗುವುದಿಲ್ಲ. ಕ್ರಿಯೆಯ ಒಟ್ಟು ಸಮೀಕರಣದಲ್ಲಿ ಅದರ ಹೆಸರು ಎಡಕ್ಕೂ ಬರುವುದಿಲ್ಲ, ಬಲಕ್ಕೂ ಬರುವುದಿಲ್ಲ. ಇದು ಲೆಕ್ಕದ ಮಾತು, ಸರಿ. ಆದರೆ "ಭಾಗವಹಿಸುವುದಿಲ್ಲ" ಎನ್ನುವುದು ಸುಳ್ಳು. ಲೋಹವೊಂದು ಅನಿಲಗಳ ಕ್ರಿಯೆಗೆ ಕ್ರಿಯಾವರ್ಧಕವಾದಾಗ, ಅನಿಲದ ಅಣುಗಳು ಲೋಹದ ಪರಮಾಣುಗಳಿಗೆ ಬಂಧ ಬೆಸೆದುಕೊಂಡು ಕೂರುತ್ತವೆ, ಅಲ್ಲೇ ಒಡೆಯುತ್ತವೆ, ಅಲ್ಲೇ ಹೊಸ ಜೋಡಿಯಾಗುತ್ತವೆ. ಲೋಹದ ಕೈ ಇಲ್ಲದೆ ಇದೊಂದೂ ನಡೆಯುವುದಿಲ್ಲ. "ಯಾವ ಬದಲಾವಣೆಯನ್ನೂ ಹೊಂದುವುದಿಲ್ಲ" ಎನ್ನುವುದಂತೂ ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಕಣ್ಣಾರೆ ಕಂಡದ್ದಕ್ಕೆ ನೇರ ವಿರುದ್ಧ.

ಪುರೋಹಿತರ ಬದಲು ನಾನು ಹೇಳಬೇಕಾಗಿದ್ದದ್ದು ದೋಸೆ ಕಾವಲಿಯನ್ನು. ಹೊಸ ಕಾವಲಿಯ ಮೇಲೆ ಮೊದಲ ದೋಸೆ ಏಳುವುದಿಲ್ಲ ಎಂಬುದು ಯಾವ ಮನೆಯಲ್ಲಿ ಗೊತ್ತಿಲ್ಲ? ಎಣ್ಣೆ ಹಚ್ಚಿ, ಈರುಳ್ಳಿ ಉಜ್ಜಿ, ನಾಲ್ಕಾರು ದೋಸೆ ಹಾಳಾದ ಮೇಲೆ ಅದು ಪಳಗುತ್ತದೆ. ಪಳಗಿದ ಕಾವಲಿಯ ಮೇಲೆ ಒಂದು ದಿನ ಚಪಾತಿ ಬೇಯಿಸಿದರೆ ಮರುದಿನ ದೋಸೆ ಮತ್ತೆ ಹಿಡಿದುಕೊಳ್ಳುತ್ತದೆ. ನಮ್ಮ ಅತ್ತೆಯವರು ದೋಸೆ ಕಾವಲಿಯನ್ನು ಬೇರೆ ಯಾರೂ ಮುಟ್ಟದಂತೆ ಅಟ್ಟದ ಮೇಲಿಡುತ್ತಿದ್ದರು. ಕಾವಲಿಯ ತೂಕ ಬದಲಾಗಿರುವುದಿಲ್ಲ, ಅದರ ಮೈ ಬದಲಾಗಿರುತ್ತದೆ. ಮೇಲೆ ಬೇಯುವ ಪದಾರ್ಥವೇ ಆ ಮೈಯನ್ನು ತಿದ್ದುತ್ತದೆ. ಕಾವಲಿಯಲ್ಲಿ ಬದಲಾಗುವುದು ಎಣ್ಣೆ ಸುಟ್ಟು ಕೂತ ತೆಳುಪದರ. ಕ್ರಿಯಾವರ್ಧಕವಾದ ಲೋಹದ ನ್ಯಾನೊ ಕಣದಲ್ಲಿ, ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಚೂರಿನಲ್ಲಿ, ಪರಮಾಣುಗಳೇ ಎದ್ದು ಜಾಗ ಬದಲಿಸುತ್ತವೆ. (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ.)

ಅದು ಹೇಗೆಂದರೆ, ತಾಮ್ರ ಅಥವಾ ಪ್ಲಾಟಿನಂ ಗಟ್ಟಿಯ ಒಳಗಿರುವ ಪ್ರತಿ ಪರಮಾಣುವಿಗೂ 12 ನೆರೆಯವರಿರುತ್ತಾರೆ. ಮೇಲ್ಮೈಗೆ ಬಂದರೆ ಆ ಲೆಕ್ಕ ಇಳಿಯುತ್ತದೆ. ತೀರ ಒತ್ತಾಗಿ ಜೋಡಿಸಿದ ಮುಖದಲ್ಲಿ 9, ಸ್ವಲ್ಪ ಸಡಿಲವಾದ ಚೌಕ ಜೋಡಣೆಯ ಮುಖದಲ್ಲಿ 8, ಎರಡು ಮುಖ ಸೇರುವ ಅಂಚಿನಲ್ಲಿ ಇನ್ನೂ ಕಡಿಮೆ. ಸಂತೆಯಲ್ಲಿ ಪೇರಿಸಿದ ಕಿತ್ತಳೆಯ ರಾಶಿ ನೆನಪಿಸಿಕೊಳ್ಳಿ. ನಡುವಿನ ಹಣ್ಣನ್ನು ಎಳೆಯಲಾಗದು, ತುದಿಯ ಹಣ್ಣು ಕೈ ತಾಗಿದರೆ ಉರುಳುತ್ತದೆ. ನೆರೆ ಕಡಿಮೆಯಾದ ಪರಮಾಣುವಿಗೆ ಬಂಧದ ಹಸಿವು ಹೆಚ್ಚು. ಅನಿಲ ಬಂದು ಆ ಹಸಿವು ತೀರಿಸಿದರೆ, ಒಂದೊಂದು ಮುಖದ ಶಕ್ತಿಯ ಲೆಕ್ಕವೂ ಒಂದೊಂದು ರೀತಿ ಬದಲಾಗುತ್ತದೆ. ಹರಳಿನ ಆಕಾರವನ್ನು ಅದರ ಮುಖಗಳ ಮೇಲ್ಮೈ ಶಕ್ತಿಯೇ ನಿರ್ಧರಿಸುತ್ತದೆಂದು ಹರಳುಗಳ ವಿಜ್ಞಾನಿ ವುಲ್ಫ್ 1901ರಲ್ಲೇ ತೋರಿಸಿದ್ದರು. ಅನಿಲ ಬದಲಾದರೆ ಆ ಶಕ್ತಿ ಬದಲಾಗುತ್ತದೆ, ಶಕ್ತಿ ಬದಲಾದರೆ ಆಕಾರವೂ ಬದಲಾಗಬೇಕು. ದೊಡ್ಡ ಗಟ್ಟಿಯಲ್ಲಿ ಇದು ಎದ್ದು ಕಾಣುವುದಿಲ್ಲ, ಅಲ್ಲಿ ಹೆಚ್ಚಿನ ಪರಮಾಣುಗಳು ಒಳಗೇ ಇರುತ್ತವೆ. ಆದರೆ 147 ಪರಮಾಣುಗಳಿಂದಾದ, ಸುಮಾರು ಎರಡು ನ್ಯಾನೊಮೀಟರ್ ಅಗಲದ ಪ್ಲಾಟಿನಂ ಕಣವೊಂದನ್ನು ತೆಗೆದುಕೊಳ್ಳಿ. ಅದನ್ನು ಅಚ್ಚುಕಟ್ಟಾಗಿ ಜೋಡಿಸಿದರೆ 92 ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. ಅಂಥ ಕಣಕ್ಕೆ ಮೈಯೇ ಹೆಚ್ಚು, ಒಳಗು ಕಡಿಮೆ. ಮೈಯನ್ನು ಮುಟ್ಟಿದವರು ಇಡೀ ಕಣವನ್ನೇ ಮುಟ್ಟಿದಂತೆ.

ಇದನ್ನು ಕಣ್ಣಿಗೆ ಕಾಣಿಸಿದ ಪ್ರಯೋಗ 2002ರದು. ಡೆನ್ಮಾರ್ಕಿನ ಹಾಲ್ಡೋರ್ ಟಾಪ್ಸೋ ಕಂಪನಿಯ ಸಂಶೋಧಕರು ಮೆಥನಾಲ್ ತಯಾರಿಕೆಗೆ ಬಳಸುವ ಮಾದರಿಯ ಕ್ರಿಯಾವರ್ಧಕವನ್ನು, ಅಂದರೆ ಸತುವಿನ ಆಕ್ಸೈಡಿನ ಮೇಲೆ ಕೂತ ತಾಮ್ರದ ನ್ಯಾನೊ ಕಣಗಳನ್ನು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಅನಿಲ ಹರಿಸುತ್ತಲೇ ನೋಡಿದರು. ಇದು ಸುಲಭದ ಕೆಲಸವಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ನಿರ್ವಾತ ಬೇಕು, ಕ್ರಿಯಾವರ್ಧಕಕ್ಕೆ ಅನಿಲ ಬೇಕು. 220 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬರಿಯ ಜಲಜನಕ ಹರಿಸಿದಾಗ ತಾಮ್ರದ ಕಣಕ್ಕೆ ಸ್ಪಷ್ಟ ಮುಖಗಳು ಮೂಡಿದ್ದವು, ಮುಖ ಮುಖವಾಗಿ ಕಡೆದ ಹರಳಿನ ಹಾಗೆ. ಜಲಜನಕಕ್ಕೆ ನೀರಾವಿ ಬೆರೆಸಿದರು, ಕಣ ದುಂಡಗಾಯಿತು. ನೀರಾವಿಯ ಬದಲು ಕಾರ್ಬನ್ ಮಾನಾಕ್ಸೈಡ್ ಬೆರೆಸಿದರು, ಅದು ಬಿಲ್ಲೆಯ ಹಾಗೆ ಚಪ್ಪಟೆಯಾಗಿ ಸತುವಿನ ಆಕ್ಸೈಡಿನ ಮೇಲೆ ಹರಡಿಕೊಂಡಿತು. ಅನಿಲವನ್ನು ಹಿಂದಕ್ಕೆ ಬದಲಿಸಿದರೆ ಆಕಾರವೂ ಹಿಂದಿರುಗುತ್ತಿತ್ತು. ಆ ಚಿತ್ರಗಳನ್ನು ನಾನು ನೋಡಿದ್ದು ನಿವೃತ್ತಿಯ ನಂತರ. ನೋಡಿದ ರಾತ್ರಿ ನಿದ್ದೆ ಬರಲಿಲ್ಲವೆಂದರೆ ಅತಿಶಯವಲ್ಲ. ಒಂದೇ ತಾಮ್ರ, ಒಂದೇ ಬಿಸಿ. ಸುತ್ತಲಿನ ಗಾಳಿ ಬದಲಾದದ್ದಕ್ಕೆ ಲೋಹ ಮೈ ಮುದುಡುತ್ತದೆ, ಮೈ ಚಾಚುತ್ತದೆ.

ಇದರ ಹಿಂದೆ ಬರ್ಲಿನ್ನಿನ ಫ್ರಿಟ್ಸ್ ಹಾಬರ್ ಸಂಸ್ಥೆಯ ಗೆರ್ಹಾರ್ಡ್ ಎರ್ಟಲ್ ಅವರ ದಶಕಗಳ ದುಡಿಮೆ ಇದೆ. ಪ್ಲಾಟಿನಂನ ಒಂದು ಬಗೆಯ ಮುಖವನ್ನು ಶುದ್ಧ ಮಾಡಿ ನಿರ್ವಾತದಲ್ಲಿಟ್ಟರೆ ಅದರ ಮೇಲ್ಪದರದ ಪರಮಾಣುಗಳು ಷಟ್ಕೋನ ಜೋಡಣೆಗೆ ಒತ್ತೊತ್ತಾಗಿ ಸರಿದುಕೊಳ್ಳುತ್ತವೆ. ಕೆಳಪದರದಲ್ಲಿ ಇರುವುದಕ್ಕಿಂತ ಶೇಕಡಾ 20ರಷ್ಟು ಹೆಚ್ಚು ಪರಮಾಣುಗಳು ಮೇಲೆ ತುಂಬಿಕೊಂಡಿರುತ್ತವೆ. ಅಲ್ಲಿಗೆ ಕಾರ್ಬನ್ ಮಾನಾಕ್ಸೈಡ್ ಬಂದು ಕೂತರೆ ಪದರ ಮತ್ತೆ ಚೌಕ ಜೋಡಣೆಗೆ ಬಿಚ್ಚಿಕೊಳ್ಳುತ್ತದೆ, ಜಾಗ ಸಾಲದ ಪರಮಾಣುಗಳು ಮೇಲಕ್ಕೆ ತಳ್ಳಿಸಿಕೊಂಡು ಚಿಕ್ಕ ಚಿಕ್ಕ ದಿಬ್ಬಗಳಾಗುತ್ತವೆ. ಇದರಲ್ಲಿ ಒಂದು ಸೊಗಸಿದೆ. ಒತ್ತು ಜೋಡಣೆಯ ಮೇಲೆ ಆಮ್ಲಜನಕ ಸರಿಯಾಗಿ ಹಿಡಿಯುವುದಿಲ್ಲ. ಚೌಕ ಜೋಡಣೆಯ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಹಿಡಿದ ಆಮ್ಲಜನಕ ಕಾರ್ಬನ್ ಮಾನಾಕ್ಸೈಡನ್ನು ಉರಿಸಿ ಖಾಲಿ ಮಾಡುತ್ತದೆ. ಖಾಲಿಯಾದ ಕೂಡಲೇ ಪ್ಲಾಟಿನಂ ಮತ್ತೆ ಒತ್ತು ಜೋಡಣೆಗೆ ಮರಳುತ್ತದೆ. ಮತ್ತೆ ಕಾರ್ಬನ್ ಮಾನಾಕ್ಸೈಡ್ ಕೂರುತ್ತದೆ. ಹೀಗೆ ಕ್ರಿಯೆಯ ವೇಗ ಉಸಿರಾಟದ ಹಾಗೆ ಏರುತ್ತ ಇಳಿಯುತ್ತ ಹೋಗುತ್ತದೆ. ಎರ್ಟಲ್ ಅವರಿಗೆ 2007ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಘೋಷಣೆಯಾದ ಅಕ್ಟೋಬರ್ 10 ಅವರ 71ನೆಯ ಹುಟ್ಟುಹಬ್ಬವೂ ಆಗಿತ್ತು. ಆ ವರ್ಷ ನಾನು ತರಗತಿಯಲ್ಲಿ ಅವರ ಹೆಸರು ಹೇಳಿದೆ. ಅದೇ ತರಗತಿಯಲ್ಲಿ "ಬದಲಾಗುವುದಿಲ್ಲ" ಎಂದೂ ಬರೆಸಿದೆ. ಎರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆಂದು ಅಂದು ನನಗೆ ಹೊಳೆಯಲಿಲ್ಲ.

ಎರ್ಟಲ್ ನೋಡಿದ್ದು ಬಹುಪಾಲು ದೊಡ್ಡ ಹರಳಿನ ಮುಖಗಳನ್ನು, ಅದೂ ಬಹಳ ಕಡಿಮೆ ಒತ್ತಡದಲ್ಲಿ. ಕಾರ್ಖಾನೆಯ ಒತ್ತಡಕ್ಕೂ ನಿರ್ವಾತದ ಪ್ರಯೋಗಾಲಯಕ್ಕೂ ನಡುವೆ ದೊಡ್ಡ ಕಂದಕವಿತ್ತು. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೊಮೊರ್ಜಾಯ್, ಸಾಲ್ಮೆರಾನ್ ಮತ್ತು ಸಂಗಡಿಗರು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಪ್ಲಾಟಿನಂ ಹರಳಿನ ಮೇಲೆ ಕಾರ್ಬನ್ ಮಾನಾಕ್ಸೈಡಿನ ಒತ್ತಡ ಹೆಚ್ಚಿಸುತ್ತ ಹೋದರು. ಅನಿಲ ಮೇಲ್ಮೈಯನ್ನು ಪೂರ್ತಿ ಮುಚ್ಚುವ ಹಂತಕ್ಕೆ ಬಂದಾಗ ನೇರವಾಗಿದ್ದ ಮೆಟ್ಟಿಲುಗಳು ಮುರಿದು ನ್ಯಾನೊಮೀಟರ್ ಗಾತ್ರದ ಗುಪ್ಪೆಗಳಾದವು. ಅನಿಲವನ್ನು ಹೀರಿ ತೆಗೆದಾಗ ಮೆಟ್ಟಿಲುಗಳು ಮರಳಿ ಬಂದವು. ಅಂದರೆ ಕೆಲಸ ಮುಗಿದ ಮೇಲೆ ಕ್ರಿಯಾವರ್ಧಕವನ್ನು ಹೊರತೆಗೆದು ನೋಡಿ "ಮೊದಲಿನ ಹಾಗೆಯೇ ಇದೆ" ಎಂದರೆ ಅದಕ್ಕೆ ಅರ್ಥವಿಲ್ಲ. ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಕುಳಿತ ವೇಷಧಾರಿಯನ್ನು ಚೌಕಿಯಲ್ಲಿ ನೋಡಿ, ರಾತ್ರಿಯ ಆಟ ಕಂಡೆನೆಂದು ಹೇಳಿದಂತೆ. 2014ರಲ್ಲಿ ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ಆಟವನ್ನು ನಡೆಯುತ್ತಿರುವಾಗಲೇ ಹಿಡಿದರು. ಸೂಕ್ಷ್ಮದರ್ಶಕದೊಳಗೆ ಹಿಡಿಸುವಷ್ಟು ಪುಟ್ಟ ಕ್ರಿಯಾಕೋಶದಲ್ಲಿ ಪ್ಲಾಟಿನಂ ಕಣಗಳು ಒಮ್ಮೆ ದುಂಡಗಾಗುತ್ತ, ಒಮ್ಮೆ ಮುಖಗಳನ್ನು ಮೂಡಿಸಿಕೊಳ್ಳುತ್ತ, ಹೊರಬರುವ ಅನಿಲದ ಏರಿಳಿತಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದವು.

ಇದು ದೂರದ ಪ್ರಯೋಗಾಲಯದ ಮಾತೆಂದು ಓದುಗರು ಪುಟ ತಿರುಗಿಸಬಾರದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಬೀದಿಯ ಹೊಸ ಸ್ಕೂಟರುಗಳ ಹೊಗೆಕೊಳವೆಯಲ್ಲೂ ಹೊಗೆಯ ವಿಷ ಕಳೆಯಲು ಇಂಥ ಲೋಹದ ಕಣಗಳು ಕೂತಿವೆ. ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ ಪಲ್ಲಾಡಿಯಂ ಮತ್ತು ರೋಡಿಯಂ, ಕೆಲವೊಮ್ಮೆ ಪ್ಲಾಟಿನಂ. ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣ 14.7ಕ್ಕೆ 1ರ ಆಸುಪಾಸಿನಲ್ಲಿ ಕ್ಷಣಕ್ಷಣಕ್ಕೂ ಅತ್ತಿತ್ತ ತೂಗುತ್ತಿರುತ್ತದೆ. ಹಾಗಾಗಿ ಹೊಗೆಯಲ್ಲಿ ಒಮ್ಮೆ ಆಮ್ಲಜನಕದ ಕೈ ಮೇಲಾಗುತ್ತದೆ, ಒಮ್ಮೆ ಕಾರ್ಬನ್ ಮಾನಾಕ್ಸೈಡಿನದು. 2008ರಲ್ಲಿ ಸೊಮೊರ್ಜಾಯ್ ತಂಡವೇ ರೋಡಿಯಂ ಮತ್ತು ಪಲ್ಲಾಡಿಯಂ ಬೆರೆತ ಸುಮಾರು 15 ನ್ಯಾನೊಮೀಟರಿನ ಕಣಗಳನ್ನು ಪರೀಕ್ಷಿಸಿತು. ನೈಟ್ರಿಕ್ ಆಕ್ಸೈಡ್ ಹರಿಸಿದಾಗ ರೋಡಿಯಂ ಹೊರಪದರಕ್ಕೆ ಬಂತು. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಸೇರಿಸಿದಾಗ ರೋಡಿಯಂ ಒಳಗೆ ಸರಿದು ಪಲ್ಲಾಡಿಯಂ ಹೊರಗೆ ಬಂತು. ಯಾವ ಲೋಹಕ್ಕೆ ಬಂದ ಅನಿಲದ ಮೇಲೆ ಹೆಚ್ಚು ಒಲವೋ ಅದು ಬಾಗಿಲಿಗೆ ಬರುತ್ತದೆ. ಜಪಾನಿನ ಡೈಹತ್ಸು ಕಂಪನಿಯ ಸಂಶೋಧಕರು ಈ ಗುಣವನ್ನೇ ದುಡಿಸಿಕೊಂಡರು. ಲ್ಯಾಂಥನಂ, ಕಬ್ಬಿಣ, ಕೋಬಾಲ್ಟ್‌ಗಳ ಆಕ್ಸೈಡಿನೊಳಗೆ ಪಲ್ಲಾಡಿಯಂ ಸೇರಿಸಿದರು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಾದಾಗ ಪಲ್ಲಾಡಿಯಂ ಹರಳಿನೊಳಗೆ ಹೋಗಿ ಕೂರುತ್ತದೆ, ಕಡಿಮೆಯಾದಾಗ ಚಿಕ್ಕ ಕಣಗಳಾಗಿ ಹೊರಬರುತ್ತದೆ. ಒಳಗೆ ಹೊರಗೆ ಓಡಾಡುವುದರಿಂದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುವುದು ತಪ್ಪುತ್ತದೆ. 2002ರಲ್ಲಿ ಇದು ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಪ್ಲಾಟಿನಂ, ಪಲ್ಲಾಡಿಯಂಗಳನ್ನು ಸೀರಿಯಂ ಆಕ್ಸೈಡಿನ ಜಾಲರಿಯಲ್ಲಿ ಅಯಾನುಗಳಾಗಿಯೇ, ಅಂದರೆ ವಿದ್ಯುದಾವೇಶ ಹೊತ್ತ ಬಿಡಿ ಪರಮಾಣುಗಳಾಗಿಯೇ, ಕೂರಿಸುವ ದಾರಿ ಹಿಡಿದರು. ನಮ್ಮ ಮಕ್ಕಳು ಇಂಥ ಕೆಲಸಕ್ಕೆ ಮುಂದಾಗಬೇಕೆಂದರೆ ಕ್ರಿಯಾವರ್ಧಕ ಕಲ್ಲಿನಂತೆ ಕೂತಿರುತ್ತದೆ ಎಂಬ ಚಿತ್ರವನ್ನು ನಾವು ಅವರ ತಲೆಯಲ್ಲಿ ಕೂರಿಸಬಾರದು.

ಒಂದು ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ನಾನು ಕಲಿಸುತ್ತಿದ್ದ ಕಾಲದ ಪಠ್ಯದಲ್ಲೇ ಉತ್ತರ ಇತ್ತು. ನಿಕ್ಕಲ್ ಶುದ್ಧೀಕರಿಸುವ ಮಾಂಡ್ ವಿಧಾನ ಹೇಳಿಕೊಡುತ್ತಿದ್ದೆವು: ನಿಕ್ಕಲ್ಲಿನ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ ನಾಲ್ಕು ಅಣುಗಳು ಒಂದು ನಿಕ್ಕಲ್ ಪರಮಾಣುವನ್ನು ಎತ್ತಿಕೊಂಡು ಆವಿಯಾಗಿ ಹಾರಿಹೋಗುತ್ತವೆ, ಹೆಚ್ಚು ಬಿಸಿಯ ಜಾಗದಲ್ಲಿ ನಿಕ್ಕಲ್ಲನ್ನು ಬಿಟ್ಟುಬಿಡುತ್ತವೆ. ಗಟ್ಟಿ ಲೋಹದಿಂದ ಪರಮಾಣುವನ್ನೇ ಕಿತ್ತೊಯ್ಯಬಲ್ಲ ಅನಿಲ, ಲೋಹದ ಮೇಲೆ ಕೂತು ಅದನ್ನು ಅಲುಗಿಸದೆ ಇದ್ದೀತೆ? ಎಣ್ಣೆಗೆ ಜಲಜನಕ ಸೇರಿಸಲು ಕ್ರಿಯಾವರ್ಧಕವಾಗುವುದೂ ಅದೇ ನಿಕ್ಕಲ್. ಎರಡು ಪಾಠಗಳ ನಡುವೆ ಕೆಲವೇ ವಾರಗಳ ಅಂತರವಿರುತ್ತಿತ್ತು. ನಾವು ಒಂದನ್ನು ಇನ್ನೊಂದಕ್ಕೆ ಜೋಡಿಸಲಿಲ್ಲ, ಮಕ್ಕಳಿಗೂ ಜೋಡಿಸಲು ಬಿಡಲಿಲ್ಲ.

ಹೊರರಾಜ್ಯದ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ವರ್ಷದ ಹಿಂದೆ ಹಬ್ಬಕ್ಕೆ ಊರಿಗೆ ಬಂದಾಗ ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದ. ಅಮೋನಿಯಾವನ್ನು ಗಾಳಿಯಲ್ಲಿ ಉರಿಸಿ ನೈಟ್ರಿಕ್ ಆಮ್ಲ ಮಾಡುವಾಗ ಬಳಸುವ ಪ್ಲಾಟಿನಂ ಮತ್ತು ರೋಡಿಯಂ ಮಿಶ್ರಲೋಹದ ಬಲೆ ಅದು. ತಲೆಗೂದಲಿನಷ್ಟು ತೆಳುವಾದ ತಂತಿಯಿಂದ ನೇಯ್ದದ್ದು. ಹೊಸ ತಂತಿ ಸೂಕ್ಷ್ಮದರ್ಶಕದಲ್ಲಿ ವೀಣೆಯ ತಂತಿಯಂತೆ ನಯವಾಗಿತ್ತು. ಕೆಲವು ವಾರ ಕೆಲಸ ಮಾಡಿದ ತಂತಿಯ ಮೇಲೆ ಹೂಕೋಸು ಅರಳಿದ್ದವು, ಗಂಟು ಗಂಟಾಗಿ, ಒಂದರ ಮೇಲೊಂದು. ಹೊಸ ಬಲೆಗಿಂತ ಹೀಗೆ ಅರಳಿದ ಬಲೆಯೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದ. ಸ್ವಲ್ಪ ಪ್ಲಾಟಿನಂ ಆಕ್ಸೈಡಾಗಿ ಆವಿಯಲ್ಲಿ ಹಾರಿಹೋಗುವುದರಿಂದ ಅದನ್ನು ಹಿಡಿಯಲು ಕೆಳಗೆ ಪಲ್ಲಾಡಿಯಂ ಬಲೆಯನ್ನೂ ಹಾಸುತ್ತಾರಂತೆ. "ಮೇಡಂ, ಬದಲಾಗುವುದಿಲ್ಲವೆಂದು ಬರೆದು ನಾನು ಪೂರ್ಣ ಅಂಕ ತೆಗೆದುಕೊಂಡಿದ್ದೆ" ಎಂದ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ನನಗೇ ಅದು ಚುಚ್ಚಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ಉತ್ತರವನ್ನು ತಿದ್ದಿ ಹೀಗೆ ಹಾಕಿ: "ಕ್ರಿಯಾವರ್ಧಕವು ಕ್ರಿಯೆಯಲ್ಲಿ ಭಾಗವಹಿಸುತ್ತದೆ, ಆದರೆ ಖರ್ಚಾಗುವುದಿಲ್ಲ. ಕ್ರಿಯೆ ನಡೆಯುವಾಗ ಅದರ ಮೇಲ್ಮೈಯ ರೂಪ ಬದಲಾಗಬಹುದು." ಮೂರು ಸಾಲಿನ ಜಾಗ ಸಾಕು. ಪ್ರಶ್ನೆಪತ್ರಿಕೆ ತಯಾರಿಸುವ, ಉತ್ತರಪತ್ರಿಕೆ ತಿದ್ದುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲೂ ಒಂದು ಬಿನ್ನಹ: ಯಾವುದಾದರೂ ಮಗು "ಬದಲಾಗುತ್ತದೆ" ಎಂದು ಬರೆದು ಕಾರಣ ಕೊಟ್ಟಿದ್ದರೆ ದಯವಿಟ್ಟು ಅಂಕ ಕಳೆಯಬೇಡಿ.

ಪಕ್ಕದ ಮನೆಯ ಹುಡುಗಿಗೆ ನಾನು ಬಾಯಿಮಾತಿನಲ್ಲಿ ಹೇಳಿ ಬಿಡಲಿಲ್ಲ. ಹಳೆಯ ವೈರಿನಿಂದ ಬೆರಳುದ್ದ ತಾಮ್ರದ ತಂತಿ ಬಿಡಿಸಿ, ಕಾಗದದಿಂದ ಉಜ್ಜಿ ಹೊಳಪು ತಂದೆವು. ಅದನ್ನು ಚಿಮಟದಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸಿದರೆ ಕಪ್ಪಾಗುತ್ತದೆ, ಆಮ್ಲಜನಕ ಹಿಡಿದುಕೊಂಡಿತು. ಒಲೆ ಆರಿಸಿ, ದೂರ ಹೋಗಿ, ಬಿಸಿ ತಂತಿಯನ್ನು ಲೋಟದ ತಳದಲ್ಲಿದ್ದ ಎರಡು ಚಮಚ ಸ್ಪಿರಿಟ್ಟಿನ ಆವಿಗೆ ಇಳಿಸಿದರೆ ಚುರ್ರೆಂದು ಮತ್ತೆ ಗುಲಾಬಿ ತಾಮ್ರ, ಆಮ್ಲಜನಕ ಬಿಟ್ಟಿತು. ಮುಚ್ಚಲು ತಟ್ಟೆಯೊಂದನ್ನು ಕೈಗೆಟುಕುವಂತೆ ಇಟ್ಟುಕೊಂಡಿದ್ದೆ, ಮಕ್ಕಳು ದೊಡ್ಡವರಿಲ್ಲದೆ ಇದನ್ನು ಮಾಡಬಾರದು. ಹನ್ನೆರಡು ಸಲ ಹೀಗೆ ಮಾಡಿದೆವು. ಇದು ನ್ಯಾನೊ ಕಣವಲ್ಲ, ಬರಿಯ ತಂತಿ. ಆದರೂ ಕೊನೆಗೆ ಅದನ್ನು ಹೊಸ ತುಂಡಿನ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಮೊದಲಿದ್ದ ಹೊಳಪು ಇರಲಿಲ್ಲ, ಮೈಯೆಲ್ಲ ತರಿತರಿಯಾಗಿತ್ತು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತರಿಸಿಟ್ಟುಕೊಂಡಿದ್ದ ನಿಮ್ಮ ಪುರವಣಿಯ ತುಂಡನ್ನು ತೆಗೆದು, "ಯಾವ ಬದಲಾವಣೆಯನ್ನೂ" ಎಂಬಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕಿದಳು.

ಇಂತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ತಿಪಟೂರು